ಕೊಳಕ್ಕೆ ಕ್ಲೋರಿನ್ ಎಷ್ಟು? ಓದುಗರ ಪ್ರಶ್ನೆ, ತಜ್ಞರ ಉತ್ತರ

ತೋಟದ ಮನೆ, ಹೋಂಸ್ಟೇಗಳಲ್ಲಿ ಸಣ್ಣ ಈಜುಕೊಳ ಕಟ್ಟಿಸಿದವರಿಂದ ಈ ಸಲ ಸಾಕಷ್ಟು ಪತ್ರಗಳು ಬಂದಿವೆ. ಸುತ್ತಿ ಬಳಸಿ ಹೆಚ್ಚಿನವರು ಕೇಳಿರುವುದು ಒಂದೇ: ಕ್ಲೋರಿನ್ ಎಷ್ಟು ಹಾಕಬೇಕು? ಪತ್ರದಲ್ಲಿ ಕೊಳದ ಅಳತೆ ಬರೆಯದವರಿಗೆ 50,000 ಲೀಟರ್ ಎಂದು ಹಿಡಿದು ಉತ್ತರಿಸಿದ್ದೇವೆ. ನಿಮ್ಮದು 25,000 ಲೀಟರ್ ಆದರೆ ಅರ್ಧ ಮಾಡಿಕೊಳ್ಳಿ.

ಪ್ರಶ್ನೆ: ದೇವನಹಳ್ಳಿ ಹತ್ತಿರ ನಮ್ಮ ತೋಟದಲ್ಲಿ 30 ಅಡಿ ಉದ್ದ, 15 ಅಡಿ ಅಗಲದ ಕೊಳ ಇದೆ. ಒಂದು ತುದಿ ಮೂರೂವರೆ ಅಡಿ ಆಳ, ಇನ್ನೊಂದು ತುದಿ ಐದು ಅಡಿ. ಅಂಗಡಿಯವರು ‘ದಿನಾ ಸಂಜೆ ಒಂದು ಮಗ್ ಪುಡಿ ಎರಚಿ, ಸಾಕು’ ಅನ್ನುತ್ತಾರೆ. ಕೊಳ ನೋಡಿಕೊಳ್ಳುವ ಹುಡುಗ ಎರಡು ಮಗ್ ಹಾಕುತ್ತಾನೆ. ಯಾವುದು ಸರಿ?

ಎರಡೂ ಅಲ್ಲ. ಯಾವ ಪುಡಿ, ಮಗ್ಗಿನಲ್ಲಿ ಎಷ್ಟು ಗ್ರಾಂ ಹಿಡಿಯುತ್ತದೆ, ಕೊಳದಲ್ಲಿ ಈಗಾಗಲೇ ಎಷ್ಟಿದೆ ಎಂಬ ಮೂರೂ ಗೊತ್ತಿಲ್ಲದೆ ಮಗ್ಗಿನ ಮಾತು ಆಡುವಂತಿಲ್ಲ.

ಮೊದಲು ನೀರಿನ ಲೆಕ್ಕ. ಮೂರೂವರೆ ಮತ್ತು ಐದರ ಸರಾಸರಿ 4.25 ಅಡಿ. 30 × 15 × 4.25 ಅಂದರೆ 1,912 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್, ಒಟ್ಟು ಸುಮಾರು 54,000 ಲೀಟರ್. ಇಲ್ಲೇ ಬಹಳ ಜನ ಎಡವುತ್ತಾರೆ. ಕಟ್ಟುವಾಗ ಮೇಸ್ತ್ರಿ ಹೇಳಿದ ಆಳ ದಂಡೆಯ ಕಲ್ಲಿನಿಂದ ತಳದವರೆಗಿನದು. ನೀರು ನಿಲ್ಲುವುದು ಸಾಮಾನ್ಯವಾಗಿ ಅದಕ್ಕಿಂತ ಅರ್ಧ ಅಡಿ ಕೆಳಗೆ. ಹಾಗಿದ್ದರೆ ಸರಾಸರಿ 3.75 ಅಡಿ, ನೀರು 48,000 ಲೀಟರ್ ಮಾತ್ರ. ಉದ್ದನೆಯ ಕೋಲು ಇಳಿಬಿಟ್ಟು ಒದ್ದೆಯಾದ ಭಾಗವನ್ನಷ್ಟೇ ಟೇಪಿನಲ್ಲಿ ಅಳೆಯಿರಿ. ಇಳಿಜಾರು ಒಂದೇ ಸಮ ಇಲ್ಲದಿದ್ದರೆ ಐದಾರು ಕಡೆ ಅಳೆದು ಸರಾಸರಿ ತೆಗೆಯಿರಿ. ಬಂದ ಸಂಖ್ಯೆಯನ್ನು ಪಂಪ್ ರೂಮಿನ ಗೋಡೆ ಮೇಲೆ ದಪ್ಪಗೆ ಬರೆದಿಡಿ.

ಇನ್ನು ಕ್ಲೋರಿನ್. 1,000 ಲೀಟರಿಗೆ 1 ಗ್ರಾಂ ಕ್ಲೋರಿನ್ ಸೇರಿದರೆ 1 ಪಿಪಿಎಂ. ನಿಮ್ಮ 48,000 ಲೀಟರಿಗೆ 1 ಪಿಪಿಎಂ ಏರಿಸಲು 48 ಗ್ರಾಂ ಬೇಕು. ಆದರೆ ಅಂಗಡಿಯಲ್ಲಿ ಸಿಗುವ ಯಾವುದೂ ಪೂರ್ತಿ ಕ್ಲೋರಿನ್ ಅಲ್ಲ. ಡಬ್ಬಿಯ ಮೇಲಿನ ಶೇಕಡಾ ನೋಡಿ ಭಾಗಿಸಬೇಕು. ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳು ಶೇ 65 ಇದ್ದರೆ 74 ಗ್ರಾಂ. ಬಿಲ್ಲೆಯಾಗಿ ಸಿಗುವ ಶೇ 90ರ ಟಿಸಿಸಿಎ ಆದರೆ 53 ಗ್ರಾಂ. ಶೇ 56ರ ಎಸ್‌ಡಿಐಸಿ ಪುಡಿ 86 ಗ್ರಾಂ. ಕ್ಯಾನಿನಲ್ಲಿ ಬರುವ ಶೇ 10ರ ದ್ರವ ಸೋಡಿಯಂ ಹೈಪೋಕ್ಲೋರೈಟ್ 480 ಮಿಲಿ.

ಪರೀಕ್ಷೆಯಲ್ಲಿ 0.5 ಬಂತು, 3ಕ್ಕೆ ಏರಿಸಬೇಕು ಅಂದುಕೊಳ್ಳಿ. ಏರಿಸಬೇಕಾದದ್ದು 2.5. 2.5 × 48 = 120 ಗ್ರಾಂ ಕ್ಲೋರಿನ್. ಅದು ಶೇ 65ರ ಹರಳಿನಲ್ಲಿ 185 ಗ್ರಾಂ, ದ್ರವದಲ್ಲಿ 1.2 ಲೀಟರ್. ಅಡುಗೆಮನೆಯಲ್ಲಿ ಹಿಟ್ಟು ತೂಗುವಂಥ ಎಲೆಕ್ಟ್ರಾನಿಕ್ ತಕ್ಕಡಿಯೊಂದನ್ನು ಇದಕ್ಕೇ ಬೇರೆ ಇಡಿ. ಅಡುಗೆಗೆ ಅದನ್ನು ಮತ್ತೆ ತರಬೇಡಿ.

ಹರಳನ್ನು ನೇರ ಎರಚಿದರೆ ಕರಗದೆ ತಳಕ್ಕೆ ಕೂತು, ಬಣ್ಣದ ಟೈಲ್ಸ್ ಇದ್ದರೆ ಅಲ್ಲೇ ಬಿಳಿ ಕಲೆ ಬೀಳುತ್ತದೆ. ಪ್ಲಾಸ್ಟಿಕ್ ಬಕೆಟ್ಟಿಗೆ ಮೊದಲು ಹತ್ತು ಲೀಟರ್ ನೀರು, ಆಮೇಲೆ ಹರಳು. ಹರಳಿನ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಕಲಕಿ, ಗಷ್ಟು ಇಳಿದ ಮೇಲೆ ತಿಳಿಯನ್ನು ಪಂಪು ಓಡುತ್ತಿರುವಾಗ ದಂಡೆಯುದ್ದಕ್ಕೂ ಸುರಿಯಿರಿ. ಹೊತ್ತು ಮುಳುಗಿದ ಮೇಲೆ ಹಾಕುವುದು ಲೇಸು, ಬಿಸಿಲು ತಿನ್ನುವ ಪಾಲು ಉಳಿಯುತ್ತದೆ.

ಒಂದು ಎಚ್ಚರ. ನಿಮ್ಮ ಭಾಗದ ಬೋರ್‌ವೆಲ್ ನೀರು ಮೊದಲೇ ಗಡಸು. ಕ್ಯಾಲ್ಸಿಯಂ ಹರಳು ಪ್ರತಿ 1 ಪಿಪಿಎಂ ಕ್ಲೋರಿನ್ ಜೊತೆ ಸುಮಾರು 0.7 ಪಿಪಿಎಂ ಗಡಸುತನವನ್ನೂ ಸೇರಿಸುತ್ತದೆ. ಟೈಲ್ಸ್ ಅಂಚಿನಲ್ಲಿ ಬಿಳಿ ಗೆರೆ ಕಟ್ಟತೊಡಗಿದರೆ ದ್ರವ ಹೈಪೋಕ್ಲೋರೈಟಿಗೆ ಬದಲಾಯಿಸಿ.

ಪ್ರಶ್ನೆ: ಪರೀಕ್ಷಾ ಪೆಟ್ಟಿಗೆಯ ಹನಿ ಹಾಕಿದರೆ ಗಾಢ ಹಳದಿ ಬರುತ್ತದೆ, ಅಂದರೆ ಕ್ಲೋರಿನ್ ಧಾರಾಳವಾಗಿದೆ. ಆದರೂ ಗೋಡೆ ಜಾರುತ್ತದೆ, ಪಾಚಿ. ಪಕ್ಕದವರ ಗುಲಾಬಿ ಬಣ್ಣದ ಮಾತ್ರೆ ತಂದು ನೋಡಿದರೆ ಬಣ್ಣವೇ ಬರಲಿಲ್ಲ. ಯಾವುದನ್ನು ನಂಬುವುದು? (ಹುಬ್ಬಳ್ಳಿ)

ಹಳದಿ ಬರುವುದು ಒಟಿಒ ದ್ರಾವಣ. ಅದು ಒಟ್ಟು ಕ್ಲೋರಿನ್ನನ್ನು ತೋರಿಸುತ್ತದೆ. ಕೆಲಸ ಮಾಡುವ ಮುಕ್ತ ಕ್ಲೋರಿನ್ ಎಷ್ಟು, ಬೆವರು–ಮೂತ್ರಕ್ಕೆ ಅಂಟಿಕೊಂಡು ಸುಸ್ತಾದದ್ದು ಎಷ್ಟು ಎಂದು ಬಿಡಿಸಿ ಹೇಳಲಾರದು. ಪಕ್ಕದವರ ಗುಲಾಬಿ ಬಣ್ಣದ್ದು ಡಿಪಿಡಿ ಮಾತ್ರೆ, ಅದು ಬಿಡಿಸಿ ಹೇಳುತ್ತದೆ. 1ನೇ ನಂಬರಿನ ಮಾತ್ರೆ ಮುಕ್ತ ಕ್ಲೋರಿನ್ನಿಗೆ. ಅದೇ ನಳಿಕೆಗೆ 3ನೇ ನಂಬರಿನದನ್ನೂ ಹಾಕಿ ಎರಡು ನಿಮಿಷ ಬಿಟ್ಟರೆ ಒಟ್ಟು. ಎರಡರ ವ್ಯತ್ಯಾಸವೇ ಅಂಟಿಕೊಂಡ ಭಾಗ.

ನಿಮ್ಮಲ್ಲಿ ಬಣ್ಣ ಬಾರದ್ದಕ್ಕೆ ಎರಡು ಕಾರಣ ಇರಬಹುದು. ಒಂದು, ಮುಕ್ತ ಕ್ಲೋರಿನ್ ನಿಜವಾಗಿಯೂ ಸೊನ್ನೆ. ಇನ್ನೊಂದು ಅದಕ್ಕೆ ತದ್ವಿರುದ್ಧ: ಕ್ಲೋರಿನ್ 10 ಪಿಪಿಎಂ ದಾಟಿದರೆ ಮಾತ್ರೆಯ ಗುಲಾಬಿಯನ್ನೇ ಅದು ಬಿಳಿಚಿಸಿಬಿಡುತ್ತದೆ. ಮಾತ್ರೆ ಬಿದ್ದ ಗಳಿಗೆ ಗಮನಿಸಿ. ಕೆಂಪು ಮಿಂಚಿ ಮಾಯವಾದರೆ ಇದು ಎರಡನೆಯದು. ‘ಸೊನ್ನೆ ಇದೆ’ ಎಂದು ಇನ್ನೂ ಒಂದು ಕಿಲೋ ಸುರಿಯುವ ತಪ್ಪು ಆಗುವುದೇ ಇಲ್ಲಿ. ಖಚಿತ ಮಾಡಿಕೊಳ್ಳಲು ಒಂದು ಪಾಲು ಕೊಳದ ನೀರಿಗೆ ನಾಲ್ಕು ಪಾಲು ಡಿಸ್ಟಿಲ್ಡ್ ವಾಟರ್, ಬ್ಯಾಟರಿಗೆ ಹಾಕುವುದೇ ಆಗುತ್ತದೆ, ಬೆರೆಸಿ ಮತ್ತೆ ಪರೀಕ್ಷಿಸಿ. ಬಂದದ್ದನ್ನು ಐದರಿಂದ ಗುಣಿಸಿ.

ನೀರು ತೆಗೆಯುವ ಕ್ರಮವೂ ಮುಖ್ಯ. ಶುದ್ಧ ನೀರು ಕೊಳಕ್ಕೆ ಮರಳುವ ಬಾಯಿಯ ಹತ್ತಿರ ತೆಗೆಯಬೇಡಿ, ಅಲ್ಲಿ ಯಾವಾಗಲೂ ಹೆಚ್ಚೇ ತೋರುತ್ತದೆ. ನಳಿಕೆಯನ್ನು ಬೋರಲು ಹಿಡಿದು ಮೊಣಕೈ ಮುಳುಗುವಷ್ಟು ಆಳಕ್ಕೆ ಇಳಿಸಿ, ಅಲ್ಲಿ ತಿರುಗಿಸಿ ತುಂಬಿಸಿ. ಕೊಳದ ನೀರಲ್ಲೇ ಮೂರು ಸಲ ಗಲಬರಿಸಿ. ಅಲುಗಾಡಿಸಲು ಹೆಬ್ಬೆರಳನ್ನು ಬಾಯಿಗೆ ಒತ್ತಬೇಡಿ, ಬೆರಳಿನ ಬೆವರು ಸಾಕು ಲೆಕ್ಕ ಕೆಡಿಸಲು. ಮಾತ್ರೆಯನ್ನೂ ಕೈಯಲ್ಲಿ ಮುಟ್ಟದೆ ಹಾಳೆಯಿಂದ ನೇರ ಬೀಳಿಸಿ. ಬಣ್ಣ ನೋಡುವಾಗ ಹಿಂದೆ ಬಿಳಿ ಕಾಗದ, ಕಣ್ಣಿಗೆ ನೆರಳು. 1ನೇ ನಂಬರಿನ ಮಾತ್ರೆಯ ಬಣ್ಣವನ್ನು ಒಂದು ನಿಮಿಷದೊಳಗೆ ಓದಿ ಮುಗಿಸಿ.

ಪಿಎಚ್ (ನೀರಿನ ಹುಳಿ–ಕ್ಷಾರದ ಅಳತೆ) ನೋಡುವ ಫಿನಾಲ್ ರೆಡ್ ಹನಿಯೂ ಕ್ಲೋರಿನ್ ಅತಿಯಾದಾಗ ನೇರಳೆಗೆ ತಿರುಗಿ ಸುಳ್ಳು ಹೇಳುತ್ತದೆ. ಕ್ಲೋರಿನ್ ಇಳಿಯುವವರೆಗೆ ಆ ಓದನ್ನು ನಂಬಿ ಆ್ಯಸಿಡ್ ಹಾಕಬೇಡಿ.

ಪ್ರಶ್ನೆ: ಕನಕಪುರ ರಸ್ತೆಯಲ್ಲಿ ಮನೆ. ಎರಡು ವರ್ಷದಿಂದ ತೇಲುವ ಡಬ್ಬಿಯಲ್ಲಿ 200 ಗ್ರಾಂ ಬಿಲ್ಲೆ ಇಟ್ಟು ಕೊಳ ನಡೆಸುತ್ತಿದ್ದೇವೆ. ಡಿಪಿಡಿಯಲ್ಲಿ ಮುಕ್ತ ಕ್ಲೋರಿನ್ 3, ಪಿಎಚ್ 7.4. ಎಲ್ಲವೂ ಸರಿ ಇದೆ, ನೀರು ಮಾತ್ರ ಹಸಿರು. ಏನು ತಪ್ಪು?

ಬಿಲ್ಲೆಯಲ್ಲಿರುವುದು ಬರಿ ಕ್ಲೋರಿನ್ ಅಲ್ಲ ಎಂಬುದೇ ತಪ್ಪಿನ ಮೂಲ. ಟಿಸಿಸಿಎ ಬಿಲ್ಲೆ ಕರಗಿದಾಗ ಸಯನ್ಯೂರಿಕ್ ಆಮ್ಲವೂ ನೀರಿಗೆ ಸೇರುತ್ತದೆ. ಅಂಗಡಿಯಲ್ಲಿ ಇದಕ್ಕೆ ಸ್ಟೆಬಿಲೈಜರ್ ಅನ್ನುತ್ತಾರೆ. ಇದು ಕೆಟ್ಟದ್ದಲ್ಲ. ಇದು ಇಲ್ಲದ ಬಯಲು ಕೊಳದಲ್ಲಿ ನಡುಮಧ್ಯಾಹ್ನದ ಬಿಸಿಲು ಒಂದೆರಡು ಗಂಟೆಯಲ್ಲೇ ಕ್ಲೋರಿನ್ನಿನ ಬಹುಪಾಲನ್ನು ತಿಂದುಹಾಕುತ್ತದೆ. 30ರಿಂದ 50 ಪಿಪಿಎಂ ಇದ್ದರೆ ಕ್ಲೋರಿನ್ನಿಗೆ ಕೊಡೆ ಹಿಡಿದಂತೆ. ತೊಂದರೆ ಏನೆಂದರೆ ಕ್ಲೋರಿನ್ ದಿನಾ ಖರ್ಚಾಗುತ್ತದೆ, ಇದು ಖರ್ಚಾಗುವುದೇ ಇಲ್ಲ. ನೀರು ಆವಿಯಾದರೂ ಕೊಳದಲ್ಲೇ ಉಳಿಯುತ್ತದೆ.

ಲೆಕ್ಕ ನೋಡಿ. ಒಂದು 200 ಗ್ರಾಂ ಬಿಲ್ಲೆಯಲ್ಲಿ 180 ಗ್ರಾಂ ಕ್ಲೋರಿನ್. 50,000 ಲೀಟರಿಗೆ ಅದು 3.6 ಪಿಪಿಎಂ. ಜೊತೆಗೆ ಸುಮಾರು 2.2 ಪಿಪಿಎಂ ಸ್ಟೆಬಿಲೈಜರ್. ದಿನಕ್ಕೆ 2 ಪಿಪಿಎಂ ಕ್ಲೋರಿನ್ ಖರ್ಚು ಎಂದು ಹಿಡಿದರೂ ದಿನಕ್ಕೆ 1.2, ತಿಂಗಳಿಗೆ 36, ಮೂರು ತಿಂಗಳಿಗೆ 108 ಪಿಪಿಎಂ ಸ್ಟೆಬಿಲೈಜರ್ ಕೂಡಿಬೀಳುತ್ತದೆ. ಬ್ಯಾಕ್‌ವಾಶ್‌ನಲ್ಲಿ (ನೀರನ್ನು ಹಿಮ್ಮುಖ ಹರಿಸಿ ಫಿಲ್ಟರ್ ತೊಳೆಯುವಾಗ), ಮಳೆಗೆ ಉಕ್ಕಿ ಹೋದದ್ದನ್ನು ಕಳೆಯಿರಿ. ಆದರೂ ಎರಡು ವರ್ಷದ ಲೆಕ್ಕ ನೀವೇ ಊಹಿಸಬಹುದು.

ಸ್ಟೆಬಿಲೈಜರ್ ಹೆಚ್ಚಿದಷ್ಟೂ ಕ್ಲೋರಿನ್ನನ್ನು ಅದು ಬಿಗಿಯಾಗಿ ಹಿಡಿದಿಡುತ್ತದೆ. ಡಿಪಿಡಿ ಆ ಹಿಡಿದಿಟ್ಟದ್ದನ್ನೂ ಸೇರಿಸಿಯೇ 3 ಎಂದು ತೋರಿಸುತ್ತದೆ. ಪಾಚಿಗೆ ಮಾತ್ರ ಅದು 3 ಆಗಿ ತಟ್ಟುವುದಿಲ್ಲ. ಪಳಗಿದವರು ಇಟ್ಟುಕೊಳ್ಳುವ ಅಂದಾಜು: ಮುಕ್ತ ಕ್ಲೋರಿನ್ ಕನಿಷ್ಠ ಸ್ಟೆಬಿಲೈಜರಿನ ಶೇ 7.5 ಇರಬೇಕು. ಸ್ಟೆಬಿಲೈಜರ್ 40 ಇದ್ದರೆ 3 ಸಾಕು. 120 ಇದ್ದರೆ 9 ಬೇಕು.

ನಿಮ್ಮದು ಎಷ್ಟಿದೆ ಎಂದು ಮೊದಲು ಅಳೆಯಿರಿ. ತಳದಲ್ಲಿ ಕಪ್ಪು ಚುಕ್ಕಿ ಇರುವ ಉದ್ದ ನಳಿಕೆಯ ಪರೀಕ್ಷೆ ಅದು. ನೀರಿಗೆ ದ್ರಾವಣ ಬೆರೆಸಿದರೆ ಹಾಲಿನಂತಾಗುತ್ತದೆ. ಸ್ವಲ್ಪ ಸ್ವಲ್ಪ ಸುರಿಯುತ್ತ ಹೋಗಿ, ಚುಕ್ಕಿ ಕಣ್ಣಿಗೆ ಮರೆಯಾದ ಗೆರೆಯನ್ನು ಓದಬೇಕು. ಹೊರಗೆ ನಿಂತು, ಸೂರ್ಯನಿಗೆ ಬೆನ್ನು ಹಾಕಿ, ನಳಿಕೆ ಸೊಂಟದ ಮಟ್ಟದಲ್ಲಿರಲಿ. ಚುಕ್ಕಿ 100ರ ಗೆರೆಯಲ್ಲೋ ಅದಕ್ಕೂ ಮೊದಲೋ ಮರೆಯಾದರೆ ಅರ್ಧ ಕೊಳದ ನೀರು, ಅರ್ಧ ನಲ್ಲಿ ನೀರು ಬೆರೆಸಿ ಮತ್ತೆ ಮಾಡಿ, ಬಂದದ್ದನ್ನು ದುಪ್ಪಟ್ಟು ಮಾಡಿ.

ಇದನ್ನು ಇಳಿಸಲು ನಂಬಬಹುದಾದ ದಾರಿ ನೀರು ಬದಲಿಸುವುದೊಂದೇ. 120ರಿಂದ 40ಕ್ಕೆ ಬರಲು ಮೂರರಲ್ಲಿ ಎರಡು ಪಾಲು ನೀರು ಹೊರಗೆ ಹೋಗಬೇಕು: 33,000 ಲೀಟರ್, ಅಂದರೆ 6,000 ಲೀಟರಿನ ಟ್ಯಾಂಕರ್ ಐದಾರು. ಕಂತಿನಲ್ಲಿ ಮಾಡಿದರೆ ಹೊಸ ನೀರೂ ಹಳೆಯದರ ಜೊತೆ ಹರಿದುಹೋಗಿ ಟ್ಯಾಂಕರ್ ಹೆಚ್ಚು ಬೇಕಾಗುತ್ತದೆ. ಒಂದೇ ಸಲಕ್ಕೆ ಇಳಿಸುವುದು ಮಿತವ್ಯಯ, ಆದರೆ ಮಳೆಗಾಲದಲ್ಲಿ, ನೆಲದಡಿ ನೀರು ಮೇಲೆ ಬಂದಿರುವಾಗ ಬೇಡ. ಖಾಲಿ ಕೊಳವನ್ನು ಕೆಳಗಿನ ನೀರು ಎತ್ತಿ ಬಿರುಕು ಬಿಡಿಸುತ್ತದೆ. ಕುಡಿಯುವ ನೀರನ್ನು ಇದಕ್ಕೆ ಬಳಸಬೇಡಿ. ನೀರಿನ ಬರ ಬಂದ 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿದ್ದು ನೆನಪಿರಬಹುದು. ಇಷ್ಟೆಲ್ಲ ಟ್ಯಾಂಕರಿಗೆ ಸುರಿಯುವ ದುಡ್ಡು ನೋಡಿದರೆ ‘ಅಗ್ಗದ’ ಬಿಲ್ಲೆ ಅಗ್ಗವೇನಲ್ಲ.

ನೀರು ಬದಲಾದ ಮೇಲೆ ಪಾಚಿ ಕೊಲ್ಲಿ. ಸ್ಟೆಬಿಲೈಜರ್ 40ಕ್ಕೆ ಮುಕ್ತ ಕ್ಲೋರಿನ್ 16ರವರೆಗೆ ಏರಿಸಬೇಕು. ಅಳೆದಾಗ 3 ಬಂದರೆ, ಅಲ್ಲಿಂದ 16ಕ್ಕೆ 13 × 50 = 650 ಗ್ರಾಂ, ಶೇ 10ರ ದ್ರವ ಆರೂವರೆ ಲೀಟರ್. ಗೋಡೆ, ಮೆಟ್ಟಿಲ ಸಂದಿ, ಏಣಿಯ ಹಿಂದೆ ಬ್ರಷ್ ಹಾಕಿ ತಿಕ್ಕಿ. ದಿನಕ್ಕೆ ಎರಡು ಮೂರು ಸಲ ಅಳೆದು ಇಳಿದಷ್ಟನ್ನು ತುಂಬುತ್ತಿರಿ, ಪಂಪು ನಿಲ್ಲಿಸಬೇಡಿ. ಫಿಲ್ಟರಿನ ಒತ್ತಡ ಶುಭ್ರವಾಗಿದ್ದಾಗಿನದಕ್ಕಿಂತ ಅರ್ಧ ಬಾರ್ ಏರಿದಾಗೆಲ್ಲ ಬ್ಯಾಕ್‌ವಾಶ್. ನೀರು ತಿಳಿಯಾದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಕತ್ತಲಾದ ಮೇಲೆ ಒಮ್ಮೆ, ಬೆಳಿಗ್ಗೆ ಬಿಸಿಲು ಬೀಳುವ ಮುನ್ನ ಒಮ್ಮೆ ಅಳೆಯಿರಿ. ರಾತ್ರಿಯಿಡೀ ಇಳಿದದ್ದು 1 ಪಿಪಿಎಂ ಮೀರಿದ್ದರೆ ಏನೋ ಜೀವ ಇನ್ನೂ ಕ್ಲೋರಿನ್ ತಿನ್ನುತ್ತಿದೆ.

ಆಮೇಲೆ ದಿನನಿತ್ಯಕ್ಕೆ ದ್ರವ ಬಳಸಿ. 2 ಪಿಪಿಎಂಗೆ ದಿನಕ್ಕೊಂದು ಲೀಟರ್. ಬಿಲ್ಲೆಯನ್ನು ನೀವು ಊರಲ್ಲಿಲ್ಲದ ವಾರಕ್ಕೆ ಮೀಸಲಿಡಿ. ಬಿಲ್ಲೆ ಬಿಟ್ಟು ಎಸ್‌ಡಿಐಸಿ ಪುಡಿಗೆ ಹೋದರೆ ಬಾಣಲೆಯಿಂದ ಬೆಂಕಿಗೆ. ಅದು ಪ್ರತಿ 1 ಪಿಪಿಎಂ ಕ್ಲೋರಿನ್ ಜೊತೆ 0.9ರಷ್ಟು ಸ್ಟೆಬಿಲೈಜರ್ ಸೇರಿಸುತ್ತದೆ.

ಪ್ರಶ್ನೆ: ಮಡಿಕೇರಿಯಲ್ಲಿ ಹೋಂಸ್ಟೇ. ಮಳೆ ಹಿಡಿದ ಮೇಲೆ ಪಿಎಚ್ ಪರೀಕ್ಷೆಯಲ್ಲಿ ತೀರಾ ಹಳದಿ. ಟೈಲ್ಸ್ ನಡುವಿನ ಗ್ರೌಟ್ ಉದುರುತ್ತಿದೆ, ಹೀಟರಿನ ಕಡೆಯಿಂದ ನೀಲಿ ಹಸಿರು ಕಲೆ ಇಳಿಯುತ್ತಿದೆ. ನಾವೂ ಬಿಲ್ಲೆಯನ್ನೇ ಬಳಸುತ್ತೇವೆ.

ನಿಮ್ಮ ಕೊಳ ಹುಳಿಯಾಗಿದೆ. ಬಿಲ್ಲೆ ಸ್ವತಃ ಆಮ್ಲ, ಅದರ ದ್ರಾವಣದ ಪಿಎಚ್ ಸುಮಾರು 3. ಬಯಲುಸೀಮೆಯ ಗಡಸು ನೀರಿನಲ್ಲಿ ಕ್ಷಾರೀಯತೆ ಇರುವುದರಿಂದ ಅದು ತಡೆದುಕೊಳ್ಳುತ್ತದೆ. ಮಲೆನಾಡಿನ ಮೆದು ನೀರಿಗೆ ಆ ತಾಕತ್ತಿಲ್ಲ. ಮೇಲಿಂದ ಮಳೆ. ಸರಾಸರಿ 1.25 ಮೀಟರ್ ಆಳದ ಕೊಳಕ್ಕೆ 125 ಮಿ.ಮೀ. ಮಳೆ ಬಿದ್ದರೆ ಹತ್ತರಲ್ಲೊಂದು ಪಾಲು ಮಳೆನೀರೇ. ನಿಮ್ಮ ಕಡೆ ಆಷಾಢದಲ್ಲಿ ಅಷ್ಟು ಮಳೆಗೆ ಒಂದು ದಿನ ಸಾಕು. ಗ್ರೌಟ್ ಉದುರುವುದು ಸಿಮೆಂಟಿನ ಸುಣ್ಣ ಕರಗುವುದರಿಂದ. ಕಲೆ ಹೀಟರಿನ ತಾಮ್ರದ್ದು.

ಪಿಎಚ್ ಪಟ್ಟಿಯ ಕೊನೆಯ ಬಣ್ಣ 6.8. ಅದಕ್ಕಿಂತ ಎಷ್ಟೇ ಕೆಳಗಿದ್ದರೂ ಅದೇ ಹಳದಿ. ಆದ್ದರಿಂದ ಪಿಎಚ್ ಹಿಂದೆ ಓಡುವ ಬದಲು ಕ್ಷಾರೀಯತೆ ಅಳೆಯಿರಿ. 30 ಬಂತು, 80ಕ್ಕೆ ತರಬೇಕು ಅಂದುಕೊಳ್ಳೋಣ. 1,000 ಲೀಟರಿಗೆ 1.7 ಗ್ರಾಂ ಅಡುಗೆ ಸೋಡಾ ಹಾಕಿದರೆ 1 ಪಿಪಿಎಂ ಏರುತ್ತದೆ. 50 ಪಿಪಿಎಂಗೆ, 50,000 ಲೀಟರಿಗೆ ನಾಲ್ಕೂಕಾಲು ಕಿಲೋ. ಇವತ್ತು ಅರ್ಧ, ನಾಳೆ ಅಳೆದು ಉಳಿದರ್ಧ. ಪಿಎಚ್ ತಾನಾಗಿ ಹಿಂದೆಯೇ ಏರುತ್ತದೆ. 7.2ರಿಂದ 7.6ರ ನಡುವೆ ನಿಂತರೆ ಸಾಕು.

ಮತ್ತೆ ಬಿಲ್ಲೆಗೆ ಹೋಗಬೇಡಿ. ದೇವನಹಳ್ಳಿಯವರಿಗೆ ಎಚ್ಚರ ಹೇಳಿದ ಕ್ಯಾಲ್ಸಿಯಂ ಹರಳೇ ನಿಮಗೆ ಒಳ್ಳೆಯದು. ಅದು ಸೇರಿಸುವ ಗಡಸುತನ ನಿಮ್ಮ ನೀರಿಗೆ ಕೊರತೆಯಿರುವ ವಸ್ತು, ಗ್ರೌಟನ್ನೂ ಉಳಿಸುತ್ತದೆ. ಇಡೀ ರಾಜ್ಯಕ್ಕೆ ಒಂದೇ ಪುಡಿ ಹೇಳುವವರ ಮಾತು ನಂಬಬಾರದು ಅನ್ನುವುದು ಇದಕ್ಕೇ.

ಪ್ರಶ್ನೆ: ಉಡುಪಿ ಹತ್ತಿರ ಹೊಸ ಕೊಳ. ಬೋರ್‌ವೆಲ್ ನೀರು ತುಂಬಿಸಿದಾಗ ಗಾಜಿನಂತೆ ತಿಳಿಯಾಗಿತ್ತು. ಕ್ಲೋರಿನ್ ಹಾಕಿದ ಅರ್ಧ ಗಂಟೆಗೆ ಚಹಾ ಬಣ್ಣ! ಪುಡಿ ನಕಲಿಯೇ?

ಪುಡಿ ಸರಿಯಾಗಿಯೇ ಇದೆ. ನೀರಿನಲ್ಲಿ ಕಬ್ಬಿಣವಿದೆ. ಕರಗಿದ್ದಾಗ ಕಣ್ಣಿಗೆ ಕಾಣದ ಕಬ್ಬಿಣ ಕ್ಲೋರಿನ್ ತಗುಲಿದೊಡನೆ ತುಕ್ಕಾಗಿ ಬಣ್ಣ ತೋರಿಸುತ್ತದೆ. ಇನ್ನಷ್ಟು ಕ್ಲೋರಿನ್ ಸುರಿದರೆ ತುಕ್ಕು ಗೋಡೆಗೆ ಕೂರುತ್ತದೆ. ಸದ್ಯಕ್ಕೆ ನಿಲ್ಲಿಸಿ. ಪಿಎಚ್ ಸರಿ ಮಾಡಿಕೊಂಡು, ಪಟಿಕ 1,000 ಲೀಟರಿಗೆ 30ರಿಂದ 50 ಗ್ರಾಂ ಕರಗಿಸಿ ಹಾಕಿ, ಒಂದು ಗಂಟೆ ಕಲಕಲು ಬಿಟ್ಟು ಪಂಪು ನಿಲ್ಲಿಸಿ. ಬೆಳಿಗ್ಗೆ ತಳದಲ್ಲಿ ಕಂದು ಪದರ ಕೂತಿರುತ್ತದೆ. ಅದನ್ನು ವ್ಯಾಕ್ಯೂಮಿನಿಂದ ಎಳೆಯುವಾಗ ವಾಲ್ವ್ ‘ವೇಸ್ಟ್’ ಕಡೆಗಿರಲಿ, ಫಿಲ್ಟರಿಗೆ ಬಿಟ್ಟರೆ ಮರಳು ಕಟ್ಟಿಕೊಳ್ಳುತ್ತದೆ. ಪಟಿಕ ಕ್ಷಾರೀಯತೆಯನ್ನು ತಗ್ಗಿಸುತ್ತದೆ, ಮುಗಿದ ಮೇಲೆ ಅಳೆದು ಸರಿಪಡಿಸಿ. ಮುಂದೆ ನೀರು ತುಂಬುವಾಗ ಕಬ್ಬಿಣ ತೆಗೆಯುವ ಫಿಲ್ಟರ್ ಮೂಲಕ ಬಿಡಿ.

ಪ್ರಶ್ನೆ: ಭಾನುವಾರ ನೆಂಟರ ಮಕ್ಕಳೆಲ್ಲ ಇಳಿದ ಮೇಲೆ ಕೊಳ ಗಮ್ಮೆಂದು ಕ್ಲೋರಿನ್ ವಾಸನೆ ಹೊಡೆಯುತ್ತದೆ, ಮಕ್ಕಳ ಕಣ್ಣು ಕೆಂಪು. ಕ್ಲೋರಿನ್ ಕಡಿಮೆ ಮಾಡಬೇಕೆ? (ಮೈಸೂರು)

ಹೆಚ್ಚು ಮಾಡಬೇಕು. ಆ ವಾಸನೆ ಕ್ಲೋರಮೈನಿನದು, ಅಂದರೆ ಬೆವರು, ಮೂತ್ರಕ್ಕೆ ಅಂಟಿಕೊಂಡ ಕ್ಲೋರಿನ್ನಿನದು. ಕಣ್ಣು ಉರಿಸುವುದೂ ಅದೇ. ಡಿಪಿಡಿ 1ರಲ್ಲಿ 1.0, 3 ಸೇರಿಸಿದ ಮೇಲೆ 2.4 ಬಂತು ಎನ್ನಿ. ಅಂಟಿಕೊಂಡದ್ದು 1.4. ಇದು 0.5 ದಾಟಬಾರದು. ರೂಢಿಯ ಲೆಕ್ಕದಲ್ಲಿ ಇದರ ಹತ್ತರಷ್ಟು, ಅಂದರೆ 14 ಪಿಪಿಎಂ ಕ್ಲೋರಿನ್ ಒಂದೇ ಸಲಕ್ಕೆ ಬೇಕು: 700 ಗ್ರಾಂ, ಶೇ 65ರ ಹರಳು 1.1 ಕಿಲೋ ಅಥವಾ ದ್ರವ 7 ಲೀಟರ್. ಅರೆಬರೆ ಹಾಕಿದರೆ ಕ್ಲೋರಮೈನ್ ಇನ್ನೂ ಹೆಚ್ಚುತ್ತದೆ, ವಾಸನೆಯೂ. ಮುಚ್ಚಿಗೆ ತೆಗೆದಿಡಿ, ಗಾಳಿಯಾಡಲಿ. ಮುಕ್ತ ಕ್ಲೋರಿನ್ 5ಕ್ಕಿಂತ ಕೆಳಗಿಳಿಯುವವರೆಗೆ ಯಾರೂ ಇಳಿಯಬಾರದು.

ಇನ್ನೊಂದು ವಿಷಯ. ನಮ್ಮ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಹಚ್ಚಿದ ತಲೆಯಲ್ಲೇ ಮಕ್ಕಳು ನೀರಿಗೆ ಹಾರುತ್ತಾರೆ. ಎಣ್ಣೆ ಟೈಲ್ಸ್ ಮೇಲೆ ಜಿಡ್ಡಿನ ಗೆರೆಯಾಗುತ್ತದೆ, ಫಿಲ್ಟರಿನ ಮರಳನ್ನು ಮುದ್ದೆ ಕಟ್ಟಿಸುತ್ತದೆ, ಕ್ಲೋರಿನ್ನನ್ನೂ ತಿನ್ನುತ್ತದೆ. ಕೊಳದ ಪಕ್ಕ ಒಂದು ಷವರ್, ಸೀಗೆಪುಡಿಯೋ ಶಾಂಪೂವೋ ಇಟ್ಟರೆ ಅರ್ಧ ಕಾಟ ತಪ್ಪುತ್ತದೆ.

ಪ್ರಶ್ನೆ: ಕೈತಪ್ಪಿ ಹೆಚ್ಚಾಯಿತು, 15 ಪಿಪಿಎಂ. ನಾಳೆ ಅತಿಥಿಗಳಿದ್ದಾರೆ. (ಸಕಲೇಶಪುರ)

ಮುಚ್ಚಿಗೆ ತೆಗೆದು ಬಿಸಿಲಿಗೆ ಬಿಡಿ, ಪಂಪು ಓಡಲಿ. ಮೋಡ ಮುಸುಕಿದ್ದರೆ ಸೋಡಿಯಂ ಥಯೋಸಲ್ಫೇಟ್ 250 ಗ್ರಾಂ ಕರಗಿಸಿ ಹಾಕಿ, ಒಂದು ಗಂಟೆ ಬಿಟ್ಟು ಅಳೆಯಿರಿ, ಬೇಕಾದರೆ ಮತ್ತಷ್ಟು. ಒಮ್ಮೆಗೇ ಜಾಸ್ತಿ ಹಾಕಿದರೆ ಆಮೇಲೆ ಹಾಕುವ ಕ್ಲೋರಿನ್ನನ್ನೂ ಅದು ನುಂಗುತ್ತದೆ. ಅಂಗಡಿಯಲ್ಲಿ ಪೂರ್ತಿ ಹೆಸರು ಹೇಳಿ ಕೇಳಿ. ಹಳೆಯ ಫೋಟೋ ಸ್ಟುಡಿಯೋದವರಿಗೆ ‘ಹೈಪೋ’ ಅಂದರೆ ಈ ಥಯೋಸಲ್ಫೇಟ್. ಕೊಳದ ಸಾಮಾನು ಮಾರುವವರಿಗೆ ‘ಹೈಪೋ’ ಅಂದರೆ ಕ್ಲೋರಿನ್ ಕ್ಯಾನು!

ಪ್ರಶ್ನೆ: ಕ್ಯಾನು ತಂದಾಗ ಒಂದು ಲೀಟರಿಗೆ ಆಗುತ್ತಿದ್ದ ಕೆಲಸಕ್ಕೆ ಈಗ ಎರಡು ಲೀಟರ್ ಬೇಕು. ಪಂಪ್ ರೂಮಿನಲ್ಲೇ ಬಿಲ್ಲೆ, ಹರಳು, ಆ್ಯಸಿಡ್ ಜೊತೆ ಇಟ್ಟಿದ್ದೇವೆ. (ಬಳ್ಳಾರಿ)

ಕ್ಯಾನಿನ ಮಾತು ಆಮೇಲೆ. ಮೊದಲು ಆ ರೂಮು ಬೇರ್ಪಡಿಸಿ. ಆ್ಯಸಿಡ್ಡಿಗೆ ಹೈಪೋಕ್ಲೋರೈಟ್ ತಗುಲಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೇ ಕುತ್ತು. ಟಿಸಿಸಿಎಗೂ ಕ್ಯಾಲ್ಸಿಯಂ ಹರಳಿಗೂ ಅದೇ ವೈರ. ಎರಡೂ ಕ್ಲೋರಿನ್ನೇ ಅಲ್ಲವೇ ಎಂದು ಒಂದೇ ಸೌಟು ಬಳಸುವವರಿದ್ದಾರೆ. ಎರಡು ಬೆರೆತು ತೇವ ಸೋಕಿದರೆ ಬೆಂಕಿ ಹತ್ತಬಹುದು, ಸ್ಫೋಟವೂ ಆಗಬಹುದು. ಒಂದಕ್ಕೊಂದು ಸೌಟು, ಒಂದಕ್ಕೊಂದು ಬಕೆಟ್. ಬಿಲ್ಲೆ ಇಡುವ ತೇಲುಡಬ್ಬಿ, ಫೀಡರುಗಳಿಗೆ ಹರಳು ತುಂಬಲೇಬೇಡಿ. ಆ್ಯಸಿಡ್ ಬೇರೆ ಕಡೆ, ನೆಲಮಟ್ಟದಲ್ಲಿ ಇರಲಿ. ಕೊಳಕ್ಕೆ ಹಾಕುವಾಗಲೂ ಆ್ಯಸಿಡ್ಡಿಗೂ ಕ್ಲೋರಿನ್ನಿಗೂ ಪಂಪು ಓಡುತ್ತ ಕನಿಷ್ಠ ಅರ್ಧ ಗಂಟೆ ಅಂತರ ಇರಬೇಕು.

ದ್ರವ ಕ್ಲೋರಿನ್ ಬಿಸಿಗೆ, ಬೆಳಕಿಗೆ ಶಕ್ತಿ ಕಳೆದುಕೊಳ್ಳುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ, ತಗಡಿನ ಸೂರಿನಡಿ, ಲೇಬಲ್ಲಿನ ಶೇ 10 ಲೇಬಲ್ಲಿನಲ್ಲಷ್ಟೇ ಉಳಿಯುತ್ತದೆ. ಎರಡು ಮೂರು ವಾರಕ್ಕೆ ಬೇಕಾಗುವಷ್ಟೇ ತನ್ನಿ, ನೆರಳಲ್ಲಿಡಿ, ಬಿರಡೆ ತೀರಾ ಬಿಗಿಯಬೇಡಿ, ಒಳಗೆ ಅನಿಲ ಕಟ್ಟಿ ಕ್ಯಾನು ಉಬ್ಬುತ್ತದೆ. ಈಗಿನ ಶಕ್ತಿ ತಿಳಿಯಲು ಒಂದು ಸರಳ ದಾರಿ ಇದೆ. ಶುದ್ಧ ಬಕೆಟ್ಟಿಗೆ 10 ಲೀಟರ್ ಕ್ಲೋರಿನ್ ಇಲ್ಲದ ನೀರು ಹಾಕಿ, ಸೂಜಿ ಇಲ್ಲದ ಸಿರಿಂಜಿನಲ್ಲಿ 0.4 ಮಿಲಿ ದ್ರವ ಬೆರೆಸಿ. ಶೇ 10 ಇದ್ದರೆ ಡಿಪಿಡಿ 4 ತೋರಿಸಬೇಕು. 2 ತೋರಿಸಿದರೆ ಕ್ಯಾನಿನಲ್ಲಿ ಉಳಿದದ್ದು ಶೇ 5. ನಿಮ್ಮ ಎರಡು ಲೀಟರ್ ಲೆಕ್ಕ ಅಲ್ಲಿಗೆ ತಾಳೆಯಾಗುತ್ತದೆ.

ಪ್ರಶ್ನೆ: ಉಪ್ಪಿನ ಯಂತ್ರ ಹಾಕಿಸಿದರೆ ಕ್ಲೋರಿನ್ ಬೇಕಿಲ್ಲವಂತೆ, ನಿಜವೇ? (ಚಿಕ್ಕಮಗಳೂರು)

ಅದು ಉಪ್ಪಿನಿಂದ ಕ್ಲೋರಿನ್ ಮಾಡುವ ಯಂತ್ರ. ಅಂಗಡಿಗೆ ಹೋಗುವುದು ತಪ್ಪುತ್ತದೆ, ಕ್ಲೋರಿನ್ ತಪ್ಪುವುದಿಲ್ಲ. ನೀರಿನಲ್ಲಿ 3,500 ಪಿಪಿಎಂ ಉಪ್ಪು ಬೇಕು ಎಂದರೆ 50,000 ಲೀಟರಿಗೆ 175 ಕಿಲೋ, 50 ಕಿಲೋ ಮೂಟೆ ಮೂರೂವರೆ. ಅಯೋಡಿನ್ ಬೆರೆಸದ ಉಪ್ಪೇ ಆಗಬೇಕು. ಗಂಟೆಗೆ 12 ಗ್ರಾಂ ಮಾಡುವ ಯಂತ್ರ 8 ಗಂಟೆ ಓಡಿದರೆ 96 ಗ್ರಾಂ, ಅಂದರೆ ನಿಮಗೆ ದಿನಕ್ಕೆ 1.9 ಪಿಪಿಎಂ. ಬಿರುಬಿಸಿಲಿನ ದಿನಗಳಿಗೆ ಅದು ಕಡಿಮೆ ಬೀಳಬಹುದು, ಕೊಳ್ಳುವ ಮುನ್ನವೇ ಈ ಗುಣಾಕಾರ ಮಾಡಿ. ಪಂಪು ನಿಂತರೆ ಯಂತ್ರವೂ ನಿಲ್ಲುತ್ತದೆ, ಕರೆಂಟು ಹೋದ ದಿನಗಳಿಗೆ ಒಂದು ಕ್ಯಾನು ಇಟ್ಟಿರಿ. ಪಿಎಚ್ ಮೇಲೇರುತ್ತ ಹೋಗುತ್ತದೆ. ವಾರವಾರ ಅಳೆದು ಆ್ಯಸಿಡ್ಡಿನಿಂದ ಇಳಿಸಬೇಕು. ಮಳೆಗಾಲದಲ್ಲಿ ಕೊಳ ಉಕ್ಕಿದಷ್ಟೂ ಉಪ್ಪು ತೋಟಕ್ಕೆ ಹರಿಯುತ್ತದೆ, ಆ ನೀರು ಕಾಫಿ ಗಿಡದ ಬುಡಕ್ಕೆ ಹೋಗದಂತೆ ಕಾಲುವೆ ತಿರುಗಿಸಿ.

ಪ್ರಶ್ನೆ: ಉಳಿದ ಬಿಲ್ಲೆಯನ್ನು ಮನೆಯ ಸಂಪಿಗೆ, ಬಾವಿಗೆ ಹಾಕಬಹುದೆ? (ಶಿರಸಿ)

ಬೇಡ. ಮೇಲೆ ಹೇಳಿದ ಸ್ಟೆಬಿಲೈಜರ್ ಕುಡಿಯುವ ನೀರಿಗೆ ಸೇರುತ್ತ ಹೋಗುತ್ತದೆ, ಕೆಲವು ಕೊಳದ ಬಿಲ್ಲೆಗಳಲ್ಲಿ ಪಾಚಿನಾಶಕವೂ ಇರುತ್ತದೆ. ಬಾವಿಗೆ ಶೇ 33ರ ಬ್ಲೀಚಿಂಗ್ ಪೌಡರ್ 1,000 ಲೀಟರಿಗೆ 2.5 ಗ್ರಾಂ. 6,000 ಲೀಟರ್ ಸಂಪಿಗೆ 15 ಗ್ರಾಂ. ಸ್ವಲ್ಪ ನೀರಲ್ಲಿ ಕಲಸಿ, ಮತ್ತಷ್ಟು ನೀರು ಸೇರಿಸಿ, ಸುಣ್ಣ ತಳಕ್ಕಿಳಿಯಲು ಹತ್ತು ನಿಮಿಷ ಬಿಟ್ಟು, ತಿಳಿಯನ್ನು ಮಾತ್ರ ಸುರಿಯಿರಿ. ಒಂದು ಗಂಟೆಯ ನಂತರ 0.5 ಪಿಪಿಎಂ ಉಳಿದಿರಬೇಕು. ತೆರೆದಿಟ್ಟ ಪೊಟ್ಟಣದ ಪುಡಿ ಮೂಗಿಗೆ ಹಿಡಿದರೂ ವಾಸನೆ ಬರದಷ್ಟು ಹಳತಾಗಿದ್ದರೆ ಅದರಲ್ಲಿ ಉಳಿದಿರುವುದು ಸುಣ್ಣವಷ್ಟೇ, ಹೊಸದು ತನ್ನಿ.